ಬ್ಯಾಸ್ಕೆಟ್‌ಬಾಲ್ ಆಟದ ಜನಕರಾದ ಡಾಕ್ಟರ್ ನೈಸ್ಮಿತ್‌ರವರು

ಬ್ಯಾಟರಾಯನಪುರದ ನಮ್ಮ ಶಾಲೆಯ ಬಯಲಿನಲ್ಲಿ ಬಾಲಿಕೆಯರು ಬ್ಯಾಸ್ಕೆಟ್‌ಬಾಲ್ ಅಭ್ಯಾಸಮಾಡುವುದನ್ನು ನೋಡಿದವರಿಗೆ ಒಂದು ಸಂದೇಹವು ಹುಟ್ಟಬಹುದು. ಬಲಕ್ಕೆ ನೋಡಿ ಎಡಕ್ಕೆ ಚೆಂಡನ್ನು ಕೊಡುವುದು, ಬುಟ್ಟಿಗೆ ಎಸೆಯುವಂತೆ ಕೈಯೆತ್ತಿ ಎಸೆಯದೆ ನುಸುಳಿಹೋಗುವುದು, ಇಂತಹ ಹುಸಿನಡೆಗಳನ್ನು ವಿದ್ಯಾಶಾಲೆಯಲ್ಲಿ ಕಲಿಸುವುದು ಉಚಿತವೇ? ಈ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್‌ರವರ ಜೀವಿತವನ್ನು ಅರಿತರೆ ಸಂದೇಹವು ಬಹುಮಟ್ಟಿಗೆ ನೀಗುವುದೆಂದು ನಾವು ನಂಬಿದ್ದೇವೆ.

ಇವರು 1861ನೆಯ ಇಸವಿ ನವೆಂಬರ್ 6ನೆಯ ತಾರೀಖು ಕೆನಡಾ ದೇಶದ ಆಲ್ಮಾಂಟ್ ಎಂಬ ಊರಿನ ಸಮೀಪದಲ್ಲಿ ಜನಿಸಿದರು. ಒಂಬತ್ತನೆಯ ವರ್ಷದಲ್ಲಿಯೇ ವಿಷಮಶೀತಜ್ವರದಿಂದ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಅಲ್ಲಿನ ಹುಡುಗರು ನಮ್ಮ ಲಗೋರಿಯನ್ನು ನೆನಪಿಗೆ ತರುವ ಒಂದು ಆಟವನ್ನು ಆಡುತ್ತಿದ್ದರು. ಬಂಡೆಯ ಮೇಲಿಟ್ಟ ಕಲ್ಲನ್ನು ದೂರದಿಂದ ಎಸೆದು ಬೀಳಿಸಬೇಕು. ಗುರಿ ತಪ್ಪಿದರೆ ಕಾವಲುಗಾರನ ಕೈಗೆ ಸಿಕ್ಕದೆ ತನ್ನ ಕಲ್ಲನ್ನು ಮರಳಿ ತರಬೇಕು. ರಭಸದಿಂದ ಬೀಸಿದ ಕಲ್ಲು ದೂರ ಹಾರಿಹೋಗುವುದು. ಕಮಾನಿನಂತೆ ಮೆಲ್ಲಗೆ ಎಸೆದುದು ಹತ್ತಿರದಲ್ಲಿಯೇ ಬೀಳುವುದು. ಈ ಪಾಠವು ಅವರ ಮನಸ್ಸಿನಲ್ಲಿ ಉಳಿಯಿತು.

ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಓದಿ, ದೇವಶಾಸ್ತ್ರವನ್ನೂ ಅಭ್ಯಸಿಸಿ, 1890ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಬಂದರು. ಮರುವರ್ಷದ ಚಳಿಗಾಲದಲ್ಲಿ ಅಲ್ಲಿನ ಮುಖ್ಯರಾದ ಲೂಥರ್ ಗ್ಯುಲಿಕ್‌ರವರು, ಒಳಾಂಗಣದಲ್ಲಿ ಆಡತಕ್ಕ ಹೊಸ ಆಟವೊಂದನ್ನು 14 ದಿನಗಳೊಳಗೆ ಸಿದ್ಧಪಡಿಸಬೇಕೆಂದು ಅಪ್ಪಣೆಮಾಡಿದರು. ತರಗತಿಯ 18 ಮಂದಿ ವಿದ್ಯಾರ್ಥಿಗಳೋ ಅಂಕೆಗೆ ಸಿಕ್ಕದವರು. ಕಾಲ್ಚೆಂಡು ಮುಂತಾದ ಹೊರಾಂಗಣದ ಆಟಗಳನ್ನು ಒಳಗೆ ತಂದು ನೋಡಿದರೆ ನೂಕಾಟವೇ ಹೆಚ್ಚಾಯಿತು. ಆಗ ನೈಸ್ಮಿತ್‌ರವರು ಮೂಲಕಾರಣವನ್ನು ಹುಡುಕಿದರು: ಚೆಂಡನ್ನು ಹಿಡಿದು ಓಡುವವನನ್ನು ತಡೆಯಲೆಂದೇ ಕೆಡಹುತ್ತಾರೆ, ಓಡುವುದನ್ನೇ ನಿಷೇಧಿಸಿದರೆ ಕೆಡಹುವುದೇಕೆ? 1891ರ ಡಿಸೆಂಬರ್‌ನಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ನೆಲದಿಂದ 10 ಅಡಿ ಎತ್ತರದಲ್ಲಿ ಹೊಡೆಯಿಸಿ, 13 ನಿಯಮಗಳನ್ನು ಬರೆದು ಆಟವನ್ನು ಆರಂಭಿಸಿದರು. ಮೊದಲ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದುದು ಒಂದೇ ಸಲ.

ನೂಕಬಾರದು, ಹಿಡಿಯಬಾರದು, ಕಾಲು ಕೊಟ್ಟು ಬೀಳಿಸಬಾರದು, ಚೆಂಡಿನೊಡನೆ ಓಡಲೂ ಬಾರದು ಎಂದ ಮೇಲೆ ಎದುರಾಳಿಯನ್ನು ದಾಟಲು ಆಟಗಾರ್ತಿಗೆ ಉಳಿಯುವುದು ಬುದ್ಧಿಯೊಂದೇ. ಬಲಾತ್ಕಾರಕ್ಕೆ ಬಾಗಿಲು ಮುಚ್ಚಿದುದರಿಂದಲೇ ಹುಸಿನಡೆಗೆ ಬಾಗಿಲು ತೆರೆಯಿತು. ಚೆಡುಗುಡು ಆಡಿದವರಿಗೆ ಇದು ಹೊಸದಲ್ಲ. ಒಂದು ಪಾದವನ್ನು ನೆಲಕ್ಕೆ ಊರಿ, ಮತ್ತೊಂದನ್ನು ಒಂದು ಕಡೆಗೆ ಚಾಚಿ, ಎದುರಾಳಿಯ ಭಾರವು ಅತ್ತ ವಾಲಿದೊಡನೆ ಇತ್ತ ತಿರುಗಬೇಕು. ಎಸೆಯುವ ಸೋಗಿನಲ್ಲಿ ಚೆಂಡೂ ಕಣ್ಣೂ ಬುಟ್ಟಿಯತ್ತ ಏಳಬೇಕು, ಮೊಣಕಾಲು ಮಾತ್ರ ಬಾಗಿಯೇ ಇರಬೇಕು. ಕಾಲು ನೆಟ್ಟಗಾದರೆ ಮುಂದಕ್ಕೆ ಚಿಮ್ಮಲು ಶಕ್ತಿಯಿರದು. ಮೊದಲು ನಿಧಾನವಾಗಿ, ಒಬ್ಬಳೇ ಎದುರಾಳಿಯೊಡನೆ ಅಭ್ಯಾಸ ಮಾಡುವುದು ಮೇಲು. ಆತುರದಲ್ಲಿ ಮಾಡಿದ ಹುಸಿಯನ್ನು ಎದುರಾಳಿಯು ನೋಡಿಯೇ ಇರುವುದಿಲ್ಲ! ನಿಜವಾಗಿ ಗುರಿಯಿಟ್ಟು ಎಸೆಯಲಾರದವಳ ಸೋಗನ್ನು ಯಾರೂ ನಂಬುವುದಿಲ್ಲವಾದುದರಿಂದ, ಹುಸಿಯನ್ನು ಕಲಿಯಬೇಕೆನ್ನುವವಳು ಮೊದಲು ದಿಟವಾದ ಎಸೆತವನ್ನು ಕಲಿತಿರಬೇಕು. ಎರಡು ಪಕ್ಷದವರೂ ತಿಳಿದು ಒಪ್ಪಿ ಆಡುವ ಈ ಉಪಾಯವು ಸುಳ್ಳಲ್ಲವೆಂಬುದು ನಮ್ಮ ಅಭಿಪ್ರಾಯ.

ಆಟವು ಹುಟ್ಟಿದ ಕೆಲವೇ ವಾರಗಳಲ್ಲಿ ನೆರೆಯ ಶಾಲೆಯ ಉಪಾಧ್ಯಾಯಿನಿಯರು ಅದನ್ನು ನೋಡಿ, ಸ್ತ್ರೀಯರೂ ಆಡಬಹುದೇ ಎಂದು ಕೇಳಿದರು. ನೈಸ್ಮಿತ್‌ರವರು ಅನುಮಾನಿಸದೆ ಒಪ್ಪಿದರು. ಪಾದದವರೆಗೆ ಇಳಿಬಿದ್ದ ಉಡುಪಿನಲ್ಲಿಯೇ ಅವರು ಕಲಿತರು. ಹೀಗೆ ಮೊದಲು ಆಡಿದವರಲ್ಲಿ ಒಬ್ಬರಾದ ಮಾಡ್ ಷರ್ಮನ್‌ರವರನ್ನು ಇವರು 1894ರಲ್ಲಿ ವಿವಾಹವಾದರು. ಸ್ಮಿತ್ ಮಹಿಳಾ ಕಾಲೇಜಿನಲ್ಲಿ ಸೆಂಡಾ ಬೆರೆನ್‌ಸನ್‌ರವರು 1893ರಲ್ಲಿ ನಡೆಸಿದ ಪಂದ್ಯವನ್ನು ನೋಡಲು ಪುರುಷರಿಗೆ ಪ್ರವೇಶವೇ ಇರಲಿಲ್ಲ.

ಮುಂದೆ ವೈದ್ಯಪದವಿಯನ್ನು ಪಡೆದು 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯವನ್ನು ಸೇರಿದರು. ವಿಚಿತ್ರವೇನೆಂದರೆ, ಅಲ್ಲಿ ಇವರು ನಡೆಸಿದ ತಂಡವು ಗೆದ್ದುದು 55, ಸೋತುದು 60. ಗೆಲುವಿಗಾಗಿ ಶಿಷ್ಯರನ್ನು ಹಿಂಡುವ ಸ್ವಭಾವವು ಇವರದಲ್ಲ. ಇತ್ತ ಮದರಾಸಿನಲ್ಲಿ ಹ್ಯಾರಿ ಬಕ್‌ರವರು 1920ರಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣಶಾಲೆಯಲ್ಲಿ ದಕ್ಷಿಣದೇಶದ ವ್ಯಾಯಾಮ ಶಿಕ್ಷಕರು ತರಬೇತಿ ಹೊಂದತೊಡಗಿದರು.

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಸ್ಥಾನವು ದೊರೆತಾಗ ನೈಸ್ಮಿತ್‌ರವರು ಅಲ್ಲಿದ್ದರು. ಕೊನೆಯ ಪಂದ್ಯವು ಬಯಲಿನಲ್ಲಿ, ಮಳೆಯಿಂದ ಕೆಸರಾದ ಅಂಕಣದಲ್ಲಿ ನಡೆಯಿತು. ಚೆಂಡನ್ನು ಪುಟಿಸುವಂತೆಯೇ ಇರಲಿಲ್ಲ. ಕೈಯಿಂದ ಕೈಗೆ ಕೊಟ್ಟೇ ಆಡಬೇಕಾಯಿತು. ಅವರು ನೆಲೆಸಿದ ದೇಶವು ಹುಟ್ಟಿದ ದೇಶವನ್ನು 19-8ರಿಂದ ಗೆದ್ದಿತು. ಮೂರು ವರ್ಷಗಳ ತರುವಾಯ, 1939ರ ನವೆಂಬರ್ 28ರಂದು, ಕ್ಯಾನ್ಸಸ್ ಪ್ರಾಂತದ ಲಾರೆನ್ಸ್ ನಗರದಲ್ಲಿ ಅವರು ಕಾಲವಾದರು.