ಪ್ಲೇಟು ಕೇಳಿ ಹಾಡಿದ ಹುಡುಗ

ರೆಕಾರ್ಡ್ ಕಾಪಿ ಮಾಡೋದು ಅಂದ್ರೆ ಏನು ಅಂತ ನಮ್ಮ ಕ್ಯಾಂಪಸ್ಸಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಸಬ್ಮಿಷನ್ ಹಿಂದಿನ ರಾತ್ರಿ ಹಾಸ್ಟೆಲ್ಲಿನಲ್ಲಿ ಒಂದು ಸುತ್ತು ಹಾಕಿದ್ರೆ ಸಾಕು. ಈ ಸಲ ನಾವು ಹೇಳಹೊರಟಿರೋದು ಬೇರೆ ಥರದ ರೆಕಾರ್ಡನ್ನು ಕಾಪಿ ಮಾಡಿದ ಒಬ್ಬ ಹುಡುಗನ ಕತೆ. ಅವನು ಎಷ್ಟು ಚೆನ್ನಾಗಿ ಕಾಪಿ ಮಾಡಿದ ಅಂದ್ರೆ, ಅದರಿಂದ ಹೊರಗೆ ಬರೋಕೆ ಅವನಿಗೆ ವರ್ಷಗಟ್ಟಲೆ ಬೇಕಾಯಿತು.

ಹುಡುಗನ ಹೆಸರು ಶಿವಪುತ್ರ. ಪೂರ್ತಿ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಹುಟ್ಟಿದ್ದು 1924ರ ಏಪ್ರಿಲ್ 8ರಂದು, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಜಗತ್ತು ಅವರನ್ನ ಗುರುತಿಸೋದು ಕುಮಾರ ಗಂಧರ್ವ ಅಂತ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅಂದ ತಕ್ಷಣ ನಮ್ಮವರು ಅಂತ ಎದೆ ತಟ್ಟಿಕೊಳ್ಳುವ ನಾವು, ಕುಮಾರರ ಹೆಸರು ಬಂದಾಗ ಮಾತ್ರ ಅವರು ಮಧ್ಯಪ್ರದೇಶದವರಲ್ವಾ ಅಂತ ಕೇಳ್ತೀವಿ. ಅದಕ್ಕೆ ಕಾರಣವೂ ಇದೆ, ಮುಂದೆ ಬರುತ್ತೆ.

ಮೊದಲು ಆ ಕಾಲದ ಬೆಳಗಾವಿ ಸೀಮೆಯನ್ನ ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳೋಣ. ಆಗ ಅದು ಬಾಂಬೆ ಪ್ರೆಸಿಡೆನ್ಸಿಗೆ ಸೇರಿತ್ತು. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ, ಹಾಡಿನಲ್ಲಿ ಹಿಂದಿ. ಮರಾಠಿ ನಾಟಕ ಕಂಪನಿಗಳು ಬಂದು ಟೆಂಟ್ ಹಾಕಿದ್ರೆ ಬಾಲಗಂಧರ್ವರ ನಾಟ್ಯಗೀತೆಗಳು ಗಲ್ಲಿಗಲ್ಲಿಯಲ್ಲೂ ಗುನುಗುತ್ತಿದ್ದವು. ರೈಲು ಹತ್ತಿದ್ರೆ ಮಿರಜ್, ಅಲ್ಲಿ ಅಬ್ದುಲ್ ಕರೀಂ ಖಾನ್. ಇನ್ನೊಂದು ದಿಕ್ಕಿಗೆ ಕುಂದಗೋಳ, ಅದು ಸವಾಯಿ ಗಂಧರ್ವರ ಊರು. ಶಿವಪುತ್ರನ ತಂದೆ ಸಿದ್ಧರಾಮಯ್ಯನವರಿಗೂ ಹಾಡಿನ ಹುಚ್ಚು, ಸ್ವತಃ ಹಾಡುತ್ತಿದ್ದರು. ಅಂದ್ರೆ ಈ ಹುಡುಗನ ಕಿವಿಗೆ ಸಂಗೀತ ಯಾವತ್ತು ಮೊದಲು ಬಿತ್ತು ಅಂತ ಕೇಳೋದೇ ತಪ್ಪು ಪ್ರಶ್ನೆ. ಅದು ಮನೆಯಲ್ಲೇ ಇತ್ತು, ಒಲೆಯ ಹೊಗೆ ಇದ್ದಂಗೆ.

ಆದರೆ ಅವನ ಬಾಯಿ ತೆರೆಸಿದ್ದು ಮನೆಯವರ ಹಾಡಲ್ಲ, ಗ್ರಾಮಫೋನ್ ಪ್ಲೇಟು.

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಮಾತಾಡೋಕೆ ನಮಗೆ ಅವಕಾಶ ಕೊಡಿ. ಆ ಕಾಲದ ಪ್ಲೇಟನ್ನ ಅರಗು, ಕಲ್ಲಿನ ಪುಡಿ, ಮಸಿ ಬೆರೆಸಿ ಅಚ್ಚು ಹಾಕಿ ಮಾಡ್ತಿದ್ರು. ಆ ಅರಗು ಹೆಚ್ಚಾಗಿ ನಮ್ಮ ದೇಶದ ಮರಗಳ ಮೇಲಿನ ಕೀಟದಿಂದ ಬಂದದ್ದೇ. ಕೈಯಲ್ಲಿ ಕೀ ಕೊಟ್ಟರೆ ಸ್ಪ್ರಿಂಗ್ ಬಿಗಿಯಾಗಿ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತೆ. ಉಕ್ಕಿನ ಸೂಜಿ ಗೀರಿನಲ್ಲಿ ಅಲ್ಲಾಡಿ, ಆ ಅಲ್ಲಾಟ ಒಂದು ತೆಳು ಪೊರೆಯನ್ನ ನಡುಗಿಸಿ, ಕೊಂಬಿನಿಂದ ದನಿ ಹೊರಬರುತ್ತೆ. ಕರೆಂಟ್ ಬೇಕಿಲ್ಲ, ಹಾಗಾಗಿ ಕರೆಂಟಿಲ್ಲದ ಹಳ್ಳಿಗೂ ಅದು ಬಂತು. ಹತ್ತು ಇಂಚಿನ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷ. ಒಂದು ಗಂಟೆ ಹಾಡಬೇಕಾದ ರಾಗವನ್ನ ಉಸ್ತಾದರು ಮೂರು ನಿಮಿಷಕ್ಕೆ ಹಿಂಡಿ ಕೊಡಬೇಕಿತ್ತು. ಸ್ಪ್ರಿಂಗ್ ಸಡಿಲವಾಗಿ ವೇಗ 78ರಿಂದ 73.6ಕ್ಕೆ ಇಳಿದರೆ ಶ್ರುತಿ ಸರಿಯಾಗಿ ಅರ್ಧ ಸ್ವರ ಕೆಳಗೆ ಬರುತ್ತೆ. ನಂಬಿಕೆ ಇಲ್ಲದವರು ಕ್ಯಾಲ್ಕುಲೇಟರ್ ತೆಗೆದು 1.0595ರಿಂದ ಭಾಗಿಸಿ ನೋಡಬಹುದು.

ನಮಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಪ್ಲೇಟು ಬರೋ ಮೊದಲು ಯಾವ ಮಗುವೂ ಒಂದೇ ಹಾಡನ್ನ ಎರಡು ಸಲ ಕೇಳಿರಲಿಲ್ಲ. ಅಜ್ಜಿ ಅದೇ ಪದ ಹಾಡಿದ್ರೂ ಇವತ್ತಿನದು ನಿನ್ನೆಯ ಥರ ಇರಲ್ಲ. ಗವಾಯಿ ಅದೇ ಯಮನ್ ಹಾಡಿದ್ರೂ ಪ್ರತಿ ಸಲ ಬೇರೆ ದಾರಿ ಹಿಡೀತಾನೆ. ಹಾಗೆ ಬೇರೆ ಬೇರೆಯಾಗಿ ಕೇಳಿ ಕೇಳಿಯೇ ಶಿಷ್ಯನಿಗೆ ರಾಗ ಅಂದ್ರೆ ಏನು, ಗವಾಯಿಯ ಆ ದಿನದ ಮನಸ್ಸು ಅಂದ್ರೆ ಏನು ಅಂತ ವ್ಯತ್ಯಾಸ ತಿಳೀತಿತ್ತು. ಪ್ಲೇಟು ಹಾಗಲ್ಲ. ಐವತ್ತು ಸಲ ಹಾಕಿದ್ರೂ ಅದೇ ತಾನು, ಅದೇ ಉಸಿರು, ಅದೇ ಕೆಮ್ಮಿನಂಥ ಸದ್ದು. 1920ರ ದಶಕದಲ್ಲಿ ಬೆಳೆದ ಮಕ್ಕಳೇ ನಮ್ಮ ಸಂಗೀತದ ಇತಿಹಾಸದಲ್ಲಿ ಹೀಗೆ ಕೇಳುವ ಅವಕಾಶ ಸಿಕ್ಕ ಮೊದಮೊದಲಿನವರು. ಧಾರವಾಡದಲ್ಲಿ ಪುಟ್ಟ ಗಂಗೂಬಾಯಿ ಗ್ರಾಮಫೋನ್ ದನಿ ಕೇಳಿದ್ರೆ ಅಲ್ಲಿಗೆ ಓಡುತ್ತಿದ್ದರು. ಗದಗಿನ ಭೀಮಸೇನ ಅಬ್ದುಲ್ ಕರೀಂ ಖಾನರ ಒಂದು ಪ್ಲೇಟು ಕೇಳಿ ಮನೆ ಬಿಟ್ಟೇ ಓಡಿದ. ಅವರಿಗೆಲ್ಲ ಪ್ಲೇಟು ಒಂದು ಬಾಗಿಲಾಯಿತು. ಶಿವಪುತ್ರನಿಗೆ ಅದೇ ಮನೆಯಾಯಿತು.

ಆರೇಳು ವರ್ಷದ ಹುಡುಗ ಒಂದು ದಿನ ಇದ್ದಕ್ಕಿದ್ದಂತೆ ಹಾಡೋಕೆ ಶುರು ಮಾಡಿದ. ಸರಿಗಮ ಕಲಿತಿರಲಿಲ್ಲ. ಹಾಡಿದ್ದು ಪ್ಲೇಟಿನಲ್ಲಿ ಕೇಳಿದ್ದನ್ನ, ಪ್ಲೇಟಿನಲ್ಲಿ ಇದ್ದ ಹಾಗೇ. ವಝೆ ಬುವಾ, ಅಬ್ದುಲ್ ಕರೀಂ ಖಾನ್, ಫೈಯಾಜ್ ಖಾನ್, ಒಬ್ಬೊಬ್ಬರದು ಒಂದೊಂದು ಥರದ ಗಂಟಲು. ಇವನು ಎಲ್ಲರನ್ನೂ ಹಾಡಬಲ್ಲ. ತಾನು ಎಲ್ಲಿ ಏರಿತು, ಎಲ್ಲಿ ತಿರುಗಿತು, ಒಂದೂ ತಪ್ಪಲ್ಲ. ಇವನು ಯಾರೋ ಗಂಧರ್ವನೇ ಇರಬೇಕು ಅಂತ ಮಠವೊಂದರ ಸ್ವಾಮಿಗಳು ಕುಮಾರ ಗಂಧರ್ವ ಅನ್ನೋ ಬಿರುದು ಕೊಟ್ಟರು. ಬಿರುದೇ ಹೆಸರಾಯಿತು. ಶಿವಪುತ್ರ ಅನ್ನೋದು ಹಿಂದಕ್ಕೆ ಸರೀತು.

ಅಪ್ಪ ಮಗನನ್ನ ಊರೂರು ಕರಕೊಂಡು ಹೋದರು. ಹತ್ತು ವರ್ಷದ ಹೊತ್ತಿಗೆ ಹುಡುಗ ಕಛೇರಿ ಮಾಡೋ ಕಲಾವಿದ. ಜನ ಮುಗಿಬಿದ್ದರು. ಈಗ ರಿಯಾಲಿಟಿ ಶೋಗಳಲ್ಲಿ ನಾವು ನೋಡ್ತೀವಲ್ಲ, ಪುಟ್ಟ ಮಗು ದೊಡ್ಡವರ ಹಾಡು ಹಾಡಿದಾಗ ಜಡ್ಜ್‌ಗಳು ಕಣ್ಣೊರೆಸಿಕೊಳ್ಳೋದು, ಹೆಚ್ಚುಕಮ್ಮಿ ಅದೇ. 1936ರಲ್ಲಿ ಬಾಂಬೆಯ ಜಿನ್ನಾ ಹಾಲ್‌ನಲ್ಲಿ ನಡೆದ ಸಂಗೀತ ಸಮ್ಮೇಳನದಲ್ಲಿ ಹಾಡಿದಾಗಲಂತೂ ಘಟಾನುಘಟಿ ಉಸ್ತಾದರೇ ಬೆರಗಾದರು. ಹಾಲ್‌ನಲ್ಲಿ ಕೂತವರ ಪೈಕಿ ಕೆಲವರ ಪ್ಲೇಟುಗಳನ್ನೇ ಅವನು ಕೇಳಿ ಬೆಳೆದಿದ್ದು!

ಇಲ್ಲಿಗೆ ನಿಂತಿದ್ರೆ ಇವರ ಬಗ್ಗೆ ನಾವು ಬರೀತಾ ಇರಲಿಲ್ಲ. ಬಾಲಪ್ರತಿಭೆಗಳಿಗೆ ಒಂದು ಎಕ್ಸ್‌ಪೈರಿ ಡೇಟ್ ಇರುತ್ತೆ. ಹತ್ತು ವರ್ಷದವನು ಫೈಯಾಜ್ ಖಾನರ ಥರ ಹಾಡಿದ್ರೆ ಪವಾಡ. ಇಪ್ಪತ್ತು ವರ್ಷದವನು ಹಾಗೆ ಹಾಡಿದ್ರೆ ಮಿಮಿಕ್ರಿ.

ಆ ಸಮ್ಮೇಳನ ಏರ್ಪಡಿಸಿದ್ದ ಪ್ರೊ. ಬಿ. ಆರ್. ದೇವಧರರಿಗೆ ಇದು ಗೊತ್ತಿತ್ತು. ಅವರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು, ಪಾಶ್ಚಾತ್ಯ ಸಂಗೀತವನ್ನೂ ಓದಿಕೊಂಡವರು. ಬಾಂಬೆಯ ಒಪೆರಾ ಹೌಸ್ ಹತ್ತಿರ ಅವರ ಸಂಗೀತ ಶಾಲೆ ಇತ್ತು. ಹುಡುಗ ಅಲ್ಲೇ ಉಳಿದ, ಸುಮಾರು ಹನ್ನೊಂದು ವರ್ಷ. ದೇವಧರರದು ಒಂದೇ ಘರಾಣೆಗೆ ಕಟ್ಟಿಹಾಕುವ ಪದ್ಧತಿ ಅಲ್ಲ. ಯಾವ ಘರಾಣೆಯ ದೊಡ್ಡ ಗವಾಯಿ ಬಾಂಬೆಗೆ ಬಂದ್ರೂ ಶಾಲೆಗೆ ಕರೆಸಿ ಹಾಡಿಸ್ತಿದ್ರು, ಮಾತಾಡಿಸ್ತಿದ್ರು. ಮೂರು ನಿಮಿಷದ ಪ್ಲೇಟಿನಲ್ಲಿ ಕೇಳಿದ ದನಿಗಳ ಹಿಂದಿನ ಮನುಷ್ಯರನ್ನ ಕುಮಾರ ಎದುರೆದುರು ಕೂತು ಕೇಳಿದ್ದು ಅಲ್ಲಿ. ಅಂಜನಿಬಾಯಿ ಮಾಲ್ಪೇಕರರ ಹತ್ತಿರವೂ ಕಲಿತರು. ಬಾಯಿಪಾಠ ಇದ್ದದ್ದೆಲ್ಲ ಈಗ ಯಾಕೆ ಹೀಗೆ, ಈ ಸ್ವರ ಇಲ್ಲೇ ಯಾಕೆ ಅನ್ನೋ ಪ್ರಶ್ನೆಗಳಾಗಿ ಬದಲಾಯಿತು. ಕಾಪಿ ಮಾಡಿದ ಕೋಡ್ ರನ್ ಆಗ್ತಿದ್ರೂ, ಕೂತು ಒಂದೊಂದು ಲೈನ್ ಯಾಕಿದೆ ಅಂತ ಅರ್ಥ ಮಾಡಿಕೊಂಡ ಹಾಗೆ ಅನ್ನಬಹುದು. ಇದು ಎಷ್ಟು ಬೋರಿಂಗ್ ಕೆಲಸ ಅಂತ ನಮಗೂ ಗೊತ್ತು, ನಿಮಗೂ ಗೊತ್ತು. ಚಪ್ಪಾಳೆ ಆಗಲೇ ಸಿಗ್ತಿರೋ ಹುಡುಗ ಅದನ್ನ ಮಾಡಿದ ಅನ್ನೋದು ನಮಗೆ ಹಾಡಿಗಿಂತ ದೊಡ್ಡ ಪವಾಡ.

1947ರಲ್ಲಿ, 23ನೇ ವಯಸ್ಸಿಗೆ, ಅದೇ ಶಾಲೆಯಲ್ಲಿ ಕಲಿಯುತ್ತಿದ್ದ ಭಾನುಮತಿ ಅವರ ಜೊತೆ ಮದುವೆಯಾಯಿತು. ಕಾರ್ಯಕ್ರಮಗಳು ಕೈತುಂಬ ಇದ್ದವು. ಆಗಲೇ ಕ್ಷಯ ಬಂತು.

ಟಿ.ಬಿ. ಅಂದ್ರೆ ಆ ಕಾಲದಲ್ಲಿ ಹೆಚ್ಚುಕಮ್ಮಿ ಸಾವಿನ ಚೀಟಿ. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಪತ್ತೆಯಾಗಿದ್ರೂ ನಮ್ಮ ದೇಶದ ಸಾಮಾನ್ಯ ರೋಗಿಯ ಕೈಗೆ ಇನ್ನೂ ಸಿಗ್ತಾ ಇರಲಿಲ್ಲ. ಡಾಕ್ಟರುಗಳು ಎರಡು ಮಾತು ಹೇಳಿದರು. ಬಾಂಬೆಯ ತೇವದ ಗಾಳಿ ಬಿಟ್ಟು ಒಣ ಹವೆಯ ಊರಿಗೆ ಹೋಗಬೇಕು. ಮತ್ತೆ ಹಾಡಬಾರದು. 1948ರ ಜನವರಿಯಲ್ಲಿ ಗಂಡಹೆಂಡತಿ ಇಂದೋರ್ ಹತ್ತಿರದ ದೇವಾಸ್ ಅನ್ನೋ ಸಣ್ಣ ಊರಿಗೆ ಹೋದರು. ಸುಳೇಭಾವಿಯ ಹುಡುಗ ಮಾಳವದವನಾದದ್ದು ಹೀಗೆ, ಔಷಧದ ಚೀಟಿಯಿಂದ.

ಸುಮಾರು ಐದು ವರ್ಷ ಹಾಸಿಗೆ. ಭಾನುಮತಿ ಅಲ್ಲಿ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿ ಮನೆ ನಡೆಸಿದರು, ಗಂಡನನ್ನ ನೋಡಿಕೊಂಡರು. (ಇಂಥ ಜೀವನಚರಿತ್ರೆಗಳಲ್ಲಿ ಈ ಭಾಗ ಯಾವಾಗಲೂ ಒಂದು ವಾಕ್ಯದಲ್ಲಿ ಮುಗಿಯುತ್ತೆ. ನಮ್ಮದೂ ಅಷ್ಟೇ ಆಯಿತಲ್ಲ ಅಂತ ಬೇಜಾರಿದೆ. ಆ ಐದು ವರ್ಷದ ಲೆಕ್ಕ ಅವರೇ ಬರೆದಿಟ್ಟಿದ್ರೆ ಅದೇ ಒಂದು ಪುಸ್ತಕ ಆಗ್ತಿತ್ತು.)

ಹಾಡೋ ಹಾಗಿಲ್ಲ. ಹಾಗಾದ್ರೆ ಗಾಯಕ ಏನು ಮಾಡ್ತಾನೆ? ಕೇಳ್ತಾನೆ. ಮತ್ತೆ ಮಗುವಿನ ಥರ, ಮಲಗಿದಲ್ಲೇ. ಈ ಸಲ ಪ್ಲೇಟು ಅಲ್ಲ, ಕಿಟಕಿ. ಗಾಳಿ, ಹಕ್ಕಿ, ಸಂತೆಗೆ ಹೋಗುವವರ ಮಾತು. ಮದುವೆ, ನಾಮಕರಣಗಳಲ್ಲಿ ಮಾಳವದ ಹೆಂಗಸರು ಹಾಡುವ ಪದಗಳು. ಭಿಕ್ಷೆಗೆ ಬರುವ ನಾಥಪಂಥದ ಜೋಗಿಗಳ ಏಕತಾರಿ, ಕಬೀರನ ನಿರ್ಗುಣ ಭಜನೆ. ದೇವಾಸಿನಲ್ಲಿ ಶೀಲನಾಥ ಮಹಾರಾಜರ ಧುನಿ ಇದೆ, ನಾಥಪಂಥದವರು ಬಂದುಹೋಗುವ ಜಾಗ. ಈ ಹಾಡುಗಳನ್ನ ಐವತ್ತು ಸಲ ಒಂದೇ ಥರ ಕೇಳೋಕಾಗಲ್ಲ. ಒಂದೇ ಪದ ಈ ಓಣಿಯಲ್ಲಿ ಒಂದು ಥರ, ಆ ಓಣಿಯಲ್ಲಿ ಇನ್ನೊಂದು ಥರ. ಬಾಲ್ಯದಲ್ಲಿ ಪ್ಲೇಟು ಕೊಡದೇ ಇದ್ದದ್ದನ್ನ ಈ ಕಿಟಕಿ ಕೊಡ್ತು ಅಂತ ನಮಗೆ ಅನ್ನಿಸುತ್ತೆ.

ಕುಮಾರರು ಆ ಜಾನಪದ ಹಾಡುಗಳನ್ನ ಸಂಗ್ರಹಿಸಿ, ಸ್ವರ ಹಾಕಿ ಬರೆದಿಟ್ಟುಕೊಂಡರು. ಮೂರ್ನಾಲ್ಕು ಸ್ವರಗಳಲ್ಲೇ ಸುತ್ತುವ ಧುನ್‌ಗಳೊಳಗೆ ರಾಗದ ಬೀಜ ಇದೆ ಅನ್ನೋದು ಅವರಿಗೆ ಕಂಡಿತು. ರಾಗ ಅರಮನೆಯಲ್ಲಿ ಹುಟ್ಟಿ ಹಳ್ಳಿಗೆ ಇಳಿದದ್ದಲ್ಲ, ಹಳ್ಳಿಯ ಧುನ್ ಬೆಳೆದು ರಾಗ ಆಗಿದ್ದು ಅನ್ನೋದು ಅವರ ವಾದ. ಮಾಲವತಿ, ಸಂಜಾರಿ, ಲಗನ್ ಗಾಂಧಾರ್, ಸಹೇಲಿ ತೋಡಿಯಂಥ ರಾಗಗಳನ್ನ ಅವರು ಕೊಟ್ಟದ್ದು ಈ ದಾರಿಯಲ್ಲಿ.

ಕೊನೆಗೆ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು, ಗುಣವಾಯಿತು. 1953ರಲ್ಲಿ ಮತ್ತೆ ವೇದಿಕೆಗೆ ಬಂದರು. ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಹಿಂದೂಸ್ತಾನಿ ಖಯಾಲ್‌ನಲ್ಲಿ ದಮ್ಮು ಅಂದ್ರೆ ಬಂಡವಾಳ. ಉದ್ದದ ತಾನು, ಮುಗಿಯದ ಆಲಾಪ, ಎಲ್ಲಕ್ಕೂ ಗಾಳಿ ಬೇಕು. ಇವರ ಹತ್ತಿರ ಅರ್ಧವೇ ಇತ್ತು. ಪ್ಲೇಟಿನ ಉಸ್ತಾದರ ಥರ ಹಾಡೋದು ಈಗ ಬಯಸಿದ್ರೂ ಸಾಧ್ಯವಿಲ್ಲ. ಹಾಗಾಗಿ ಚಿಕ್ಕ ಚಿಕ್ಕ ತುಣುಕು, ಥಟ್ಟನೆ ಎತ್ತರಕ್ಕೆ ಚಿಮ್ಮುವ ಸ್ವರ, ನಡುವೆ ಮೌನ. ಮೊದಲ ಸಲ ಕೇಳಿದಾಗ ನಮ್ಮ ಕ್ಲಬ್‌ನ ಅರ್ಧ ಜನಕ್ಕೆ ಇದೇನು ಹಾಡು ನಿಂತು ನಿಂತು ಹೋಗ್ತಿದೆಯಲ್ಲ ಅನ್ನಿಸಿತ್ತು. ಆ ನಿಲುಗಡೆಯಲ್ಲಿ ತಂಬೂರಿ ಕೇಳಿಸಿಕೊಳ್ಳಿ. ಕಛೇರಿಗೆ ಮುಂಚೆ ಅದರ ಶ್ರುತಿ ಕೂಡಿಸೋಕೆ ಅವರು ತೆಗೆದುಕೊಳ್ತಿದ್ದ ಸಮಯ ಸಂಗೀತದವರ ನಡುವೆ ಹೆಸರುವಾಸಿ. ಉಸಿರು ಸಾಲದ ಕಡೆ ತಂಬೂರಿ ಹಾಡುತ್ತೆ.

ಅವರಿಗೆ ವಿರೋಧಿಗಳೂ ಇದ್ದರು. ವಿಲಂಬಿತ ಸರಿಯಾಗಿ ಹಾಡಲ್ಲ, ಘರಾಣೆ ಇಲ್ಲ, ಸಂಪ್ರದಾಯ ಮುರೀತಾರೆ ಅಂತ. ಶ್ವಾಸಕೋಶ ಇಲ್ಲದ್ದಕ್ಕೇ ಈ ಶೈಲಿ ಅಂತ ಸುಲಭವಾಗಿ ಹೇಳಿಬಿಡುವವರೂ ಇದ್ದಾರೆ. ನಾವು ಅದನ್ನ ಪೂರ್ತಿ ಒಪ್ಪಲ್ಲ. ಒಂದೇ ಶ್ವಾಸಕೋಶ ಇರುವ ಎಲ್ಲರೂ ಹೀಗೆ ಹಾಡಲ್ಲವಲ್ಲ. ಮೂರು ನಿಮಿಷದಲ್ಲಿ ರಾಗದ ಮುಖ ತೋರಿಸಿಬಿಡುವುದನ್ನ ಈ ಮನುಷ್ಯ ಆರನೇ ವಯಸ್ಸಿಗೇ ಕೇಳಿ ಅರಗಿಸಿಕೊಂಡಿದ್ದರು, ಅದಕ್ಕೂ ಇದರಲ್ಲಿ ಪಾಲಿದೆ ಅನ್ನೋದು ನಮ್ಮ ಊಹೆ.

1961ರಲ್ಲಿ ಎರಡನೇ ಮಗ ಹುಟ್ಟಿದಾಗ ಭಾನುಮತಿ ತೀರಿಕೊಂಡರು. ಮರುವರ್ಷ ದೇವಧರ್ ಶಾಲೆಯವರೇ ಆದ ವಸುಂಧರಾ ಶ್ರೀಖಂಡೆ ಅವರನ್ನ ಮದುವೆಯಾದರು. ಆಮೇಲೆ ಎಷ್ಟೋ ಕಛೇರಿಗಳಲ್ಲಿ ಪಕ್ಕದಲ್ಲಿ ಕೂತು ಹಾಡಿದವರು ಅವರು. ದೇವಾಸಿನ ಮನೆಗೆ ಭಾನುಕುಲ ಅನ್ನೋ ಹೆಸರು. 1965ರಲ್ಲಿ ತಮ್ಮ ಬಂದಿಶ್‌ಗಳ ಪುಸ್ತಕ ಅನೂಪರಾಗವಿಲಾಸ ತಂದರು. ಗೀತವರ್ಷಾ ಅಂತ ಮಳೆಗಾಲದ್ದು, ಮಾಳವದ ಲೋಕಗೀತೆಗಳದ್ದು, ಹೀಗೆ ಒಂದೊಂದು ವಿಷಯ ಹಿಡಿದು ಇಡೀ ಕಾರ್ಯಕ್ರಮ ಕಟ್ಟಿದರು. ಪದ್ಮಭೂಷಣ 1977ರಲ್ಲಿ, ಪದ್ಮವಿಭೂಷಣ 1990ರಲ್ಲಿ ಬಂತು.

ಈ ಎಲ್ಲ ಕಾರ್ಯಕ್ರಮಗಳಲ್ಲಿ ನಮಗೆ ತುಂಬಾ ಇಷ್ಟವಾದದ್ದು ಬಾಲಗಂಧರ್ವರ ಮೇಲೆ ಮಾಡಿದ್ದು. ಚಿಕ್ಕಂದಿನಲ್ಲಿ ಬೆಳಗಾವಿ ಸೀಮೆಯ ಗಾಳಿಯಲ್ಲೇ ಇದ್ದ ದನಿ ಅದು. ಮನಸ್ಸು ಮಾಡಿದ್ರೆ ಹಳೇ ಹುಡುಗನಂತೆ ಚಾಚೂ ತಪ್ಪದೆ ಹಾಡಬಹುದಿತ್ತು, ಜನಕ್ಕೂ ಅದೇ ಬೇಕಿತ್ತೇನೋ. ಅವರು ಅದಕ್ಕೆ ಇಟ್ಟ ಹೆಸರು, ಮಲಾ ಉಮಜಲೇಲೆ ಬಾಲಗಂಧರ್ವ. ಮರಾಠಿ ಬಾರದವರಿಗೆ: ನನಗೆ ತಿಳಿದಂಥ ಬಾಲಗಂಧರ್ವ. ಹಾಡುಗಳು ಅವೇ, ದನಿ ಮಾತ್ರ ಪೂರ್ತಿ ಕುಮಾರರದ್ದು.

1992ರ ಜನವರಿ 12ರಂದು ದೇವಾಸಿನಲ್ಲೇ ತೀರಿಕೊಂಡರು. ಮಗ ಮುಕುಲ ಶಿವಪುತ್ರ, ಮಗಳು ಕಲಾಪಿನಿ ಕೋಮಕಲಿ ಇಬ್ಬರೂ ಗಾಯಕರು. ಆ ಬಾಲಗಂಧರ್ವ ಕಾರ್ಯಕ್ರಮದ ಧ್ವನಿಮುದ್ರಣ ಈಗಲೂ ಸಿಗುತ್ತೆ. ಮೊದಲು ಬಾಲಗಂಧರ್ವರ ಹಳೇ ಪ್ಲೇಟಿನ ಒಂದು ಹಾಡು ಕೇಳಿ, ಆಮೇಲೆ ಅದನ್ನೇ ಕುಮಾರರದ್ದು ಕೇಳಿ. ಇಯರ್‌ಫೋನ್ ಬೇಡ, ಸ್ಪೀಕರ್ ಹಾಕಿ, ಕಿಟಕಿ ತೆಗೆದಿಡಿ.