ಹ್ಯಾಂಡ್ಸ್ ಅಯ್ಯನವರೂ ಪತ್ಮೋಸಿನ ದರ್ಶನವೂ

ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅಯ್ಯನವರು 1810ರಲ್ಲಿ ಬಳ್ಳಾರಿಗೆ ಬಂದಾಗ ಪರದೇಶಿಗಳು ಕನ್ನಡ ಕಲಿಯುವದಕ್ಕೆ ಅಚ್ಚಾದ ವ್ಯಾಕರಣವಿರಲಿಲ್ಲ. ಆದರೂ ಭಾಷೆಯನ್ನು ಕಲಿತು ಸತ್ಯವೇದವನ್ನು ಕನ್ನಡಿಸತೊಡಗಿದರು. ರೀವ್ ಅಯ್ಯನವರು ನೆರವಾದರು. 1831ರಲ್ಲಿ ಇಡೀ ಗ್ರಂಥವು ಮುಗಿಯಿತು.

ಅದರ ಕಡೆಯ ಪುಸ್ತಕವಾದ ಪ್ರಕಟನೆಯ ಆರಂಭದರ್ಶನವು ಯಾವ ಭಾಷಾಂತರಕಾರನಿಗೂ ಕಠಿಣವೇ ಸರಿ. ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನು ಬೆನ್ನ ಹಿಂದಿನ ತುತೂರಿಯಂಥ ಧ್ವನಿಗೆ ತಿರುಗಿ, ಏಳು ಚಿನ್ನದ ದೀಪಸ್ತಂಭಗಳ ನಡುವೆ ಉರಿಗಣ್ಣಿನ ಮಹಾಪುರುಷನನ್ನು ಕಂಡು ಸತ್ತವನಂತೆ ಬೀಳುತ್ತಾನೆ. ಬಾಯಿಂದ ಹೊರಡುವ ಕತ್ತಿಗೆ ನಮ್ಮ ಹುಡುಗಿಯರು ಬೆದರುವದುಂಟು. ಆದುದರಿಂದ ಅವನ ಬಲಗೈ ಯೋಹಾನನ ಮೇಲೆ ಇಳಿದು ಅಭಯ ಕೊಡುವದನ್ನೇ ನಾವು ಮೊದಲು ತೋರಿಸುತ್ತೇವೆ. ದೀಪಸ್ತಂಭಗಳು ಏಳು ಸಭೆಗಳೆಂದು ಆ ಅಧ್ಯಾಯವೇ ಬಿಡಿಸಿದೆ.

ಹ್ಯಾಂಡ್ಸರ ಭಾಷಾಂತರವನ್ನು ಮುಂದೆ ಬಾಸೆಲ್ ಮಿಶನ್ನಿನ ವೈಗ್ಲೆಯವರು ತಿದ್ದಿದರು. ಓದುವವರನ್ನೂ ಕೇಳುವವರನ್ನೂ ಧನ್ಯರೆನ್ನುವ ಈ ಅಧ್ಯಾಯವನ್ನು ತಡಸದ ಹುಡುಗಿಯರು ಅಕ್ಷರವರಿಯದ ಅಜ್ಜಿಯರಿಗೆ ಓದಿ ಹೇಳುವದು ಕನ್ನಡದಲ್ಲಿಯೇ.