ಎಲಿಜಬೆತ್ ಪ್ಯಾಕರ್ಡ್: ಕಿಟಕಿ ಸಂದಿಯಿಂದ ಹೊರಬಿದ್ದ ಒಂದು ಚೀಟಿ

ಎಲಿಜಬೆತ್ ಪ್ಯಾಕರ್ಡ್ ಕಥೆಯನ್ನು ಸಾಮಾನ್ಯವಾಗಿ ಹೀಗೆ ಹೇಳ್ತಾರೆ: ಧರ್ಮದ ವಿಚಾರದಲ್ಲಿ ಪಾದ್ರಿ ಗಂಡನಿಗೆ ಎದುರು ಮಾತಾಡಿದಳು, ಗಂಡ ಹುಚ್ಚಾಸ್ಪತ್ರೆಗೆ ಸೇರಿಸಿದ, ಆಕೆ ಕೋರ್ಟಿನಲ್ಲಿ ಗೆದ್ದು ಬಂದಳು. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಆದರೆ ಆ ಕೇಸು ಕೋರ್ಟಿನ ತನಕ ಹೋಗಿದ್ದು ಹೇಗೆ ಅಂತ ಹುಡುಕಿದಾಗ ನನಗೆ ಖುಷಿಗಿಂತ ಹೆಚ್ಚು ಭಯವೇ ಆಯ್ತು.

ಆಕೆ ಹುಟ್ಟಿದ್ದು 1816ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. 1839ರಲ್ಲಿ ತನಗಿಂತ ಸುಮಾರು 14 ವರ್ಷ ದೊಡ್ಡವನಾದ ಪಾದ್ರಿ ಥಿಯೋಫಿಲಸ್ ಪ್ಯಾಕರ್ಡ್ ಜೊತೆ ಮದುವೆ. ಆರು ಮಕ್ಕಳು. ಮುಂದೆ ಸಂಸಾರ ಇಲಿನಾಯ್ ರಾಜ್ಯದ ಮ್ಯಾಂಟಿನೊ ಎಂಬ ಸಣ್ಣ ಊರಿಗೆ ಬಂತು. ಮನುಷ್ಯ ಹುಟ್ಟುವಾಗಲೇ ಪಾಪಿ ಎನ್ನುವುದು ಗಂಡನ ನಂಬಿಕೆ. ಅದನ್ನು ಆಕೆ ಬೈಬಲ್ ತರಗತಿಯಲ್ಲಿ ಎಲ್ಲರ ಮುಂದೆಯೇ ಪ್ರಶ್ನಿಸಿದಳು. 19ನೇ ವಯಸ್ಸಿನಲ್ಲಿ ಅಪ್ಪ ಒಮ್ಮೆ ಆಕೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. ಆ ಹಳೇ ದಾಖಲೆ ಗಂಡನಿಗೆ ಈಗ ಅನುಕೂಲವಾಯ್ತು.

ಬೇರೆಯವರನ್ನು ಆಸ್ಪತ್ರೆಗೆ ಸೇರಿಸಲು ಕೇಳುತ್ತಿದ್ದ ಪುರಾವೆಯನ್ನು ಮದುವೆಯಾದ ಹೆಣ್ಣಿನ ವಿಷಯದಲ್ಲಿ ಇಲಿನಾಯ್‌ನ 1851ರ ಕಾನೂನು ಕೇಳುತ್ತಿರಲಿಲ್ಲ. ಗಂಡನ ಕೋರಿಕೆ, ಆಸ್ಪತ್ರೆಯ ಮುಖ್ಯಸ್ಥರ ಒಪ್ಪಿಗೆ, ಅಷ್ಟು ಸಾಕು. ವಿಚಾರಣೆ ಇಲ್ಲ, ವಕೀಲರಿಲ್ಲ. 1860ರ ಜೂನ್ 18ರಂದು ಆಕೆಯನ್ನು ಮನೆಯಿಂದ ಎತ್ತಿಕೊಂಡೇ ಹೋದರು, ಯಾಕಂದ್ರೆ ತಾನಾಗಿ ನಡೆದು ಬರಲ್ಲ ಅಂತ ಹಟ ಹಿಡಿದಿದ್ದಳು. ಜಾಕ್ಸನ್‌ವಿಲ್‌ನ ಸರ್ಕಾರಿ ಆಸ್ಪತ್ರೆಯಲ್ಲಿ, ಡಾ. ಆಂಡ್ರ್ಯೂ ಮೆಕ್‌ಫಾರ್ಲೆಂಡ್ ಉಸ್ತುವಾರಿಯಲ್ಲಿ, ಮೂರು ವರ್ಷ. ಪತ್ರ ಬರೆದರೂ ಅದು ಹೊರಗೆ ಹೋಗಬೇಕಾದದ್ದು ಕೂಡಿ ಹಾಕಿದವರ ಕೈಯಿಂದಲೇ.

1863ರಲ್ಲಿ ವಾಸಿಯಾಗದ ರೋಗಿ ಎಂಬ ಹಣೆಪಟ್ಟಿ ಹಚ್ಚಿ ಮನೆಗೆ ಕಳಿಸಿದರು. ಈಗ ಗಂಡ ಒಂದು ಕೋಣೆಯಲ್ಲಿ ಕೂಡಿ ಹಾಕಿ, ಕಿಟಕಿಗೆ ಮೊಳೆ ಹೊಡೆಸಿದ. ಮ್ಯಾಸಚೂಸೆಟ್ಸ್‌ನ ಇನ್ನೊಂದು ಆಸ್ಪತ್ರೆಗೆ ಸಾಗಿಸುವ ತಯಾರಿಯೂ ನಡೆದಿತ್ತು. ಆಗ ಆಕೆ ಕಿಟಕಿ ಸಂದಿಯಿಂದ ಹೊರಗೆ ಹಾಕಿದ ಒಂದು ಚೀಟಿ ಗೆಳತಿಯ ಕೈ ಸೇರಿತು. ಊರಿನವರು ನ್ಯಾಯಾಧೀಶ ಚಾರ್ಲ್ಸ್ ಸ್ಟಾರ್ ಬಳಿ ಹೋದರು, ಹೇಬಿಯಸ್ ಕಾರ್ಪಸ್ ಹೊರಟಿತು.

ನನಗೆ ಭಯ ಹುಟ್ಟಿಸಿದ್ದು ಇಲ್ಲೇ. ಹೆಂಡತಿಯನ್ನು ಮನೆಯಲ್ಲಿ ಕೂಡಿ ಹಾಕುವುದು ಕಾನೂನುಬಾಹಿರ, ಹಾಗಾಗಿ ಕೋರ್ಟು ಕೇಳಿತು. ಅದೇ ಹೆಂಡತಿಯನ್ನು ಆಸ್ಪತ್ರೆಯಲ್ಲಿ ಕೂಡಿ ಹಾಕುವುದು ಕಾನೂನುಬದ್ಧ, ಹಾಗಾಗಿ ಮೂರು ವರ್ಷ ಯಾರೂ ಕೇಳಲಿಲ್ಲ. ಗಂಡ ಅವಸರ ಮಾಡಿ ಆಕೆಯನ್ನು ಇನ್ನೊಂದು ಆಸ್ಪತ್ರೆಗೆ ಸೇರಿಸಿಬಿಟ್ಟಿದ್ದರೆ ಈ ಕೇಸೇ ನಡೀತಿರಲಿಲ್ಲ.

1864ರ ಜನವರಿಯಲ್ಲಿ ಕಾಂಕಕೀ ಪಟ್ಟಣದಲ್ಲಿ ವಿಚಾರಣೆ. ಆಕೆಯ ಪರ ವಾದಿಸಿದವರಲ್ಲಿ ಸ್ಟೀಫನ್ ಮೂರ್ ಒಬ್ಬರು. ಗಂಡನ ಕಡೆಯ ವೈದ್ಯರು ಆಕೆಯ ಧಾರ್ಮಿಕ ಅಭಿಪ್ರಾಯಗಳನ್ನೇ ರೋಗಲಕ್ಷಣ ಅಂತ ಪಟ್ಟಿ ಮಾಡಿದರೆ, ಆಕೆಯ ವಕೀಲರು ಅಕ್ಕಪಕ್ಕದವರನ್ನು ಕರೆದು ಸಾಕ್ಷಿ ಹೇಳಿಸಿದರು. ಜ್ಯೂರಿ ಏಳೇ ನಿಮಿಷಕ್ಕೆ ಎದ್ದು ಬಂತು: ಈಕೆಗೆ ಹುಚ್ಚಿಲ್ಲ. ಮನೆಗೆ ಹೋಗಿ ನೋಡಿದರೆ ಅಲ್ಲಿ ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಅವನು ಅವರನ್ನು ಕರ್ಕೊಂಡು ಮ್ಯಾಸಚೂಸೆಟ್ಸ್‌ಗೆ ಹೊರಟುಹೋಗಿದ್ದ. ಮಕ್ಕಳ ಮೇಲೂ ಆಸ್ತಿ ಮೇಲೂ ಕಾನೂನು ಗಂಡನಿಗೇ ಹಕ್ಕು ಕೊಟ್ಟಿತ್ತು. ಮಕ್ಕಳು ವಾಪಸ್ ಸಿಕ್ಕಿದ್ದು 1869ರಲ್ಲಿ.

ಆ ನಡುವೆ ಆಕೆ ಪುಸ್ತಕ ಬರೆದಳು, ತಾನೇ ಮಾರಿದಳು, ಶಾಸಕರ ಬೆನ್ನು ಹತ್ತಿದಳು. ಜ್ಯೂರಿ ವಿಚಾರಣೆ ಇಲ್ಲದೆ ಯಾರನ್ನೂ ಸೇರಿಸಬಾರದು ಅಂತ 1867ರಲ್ಲಿ ಇಲಿನಾಯ್ ಕಾನೂನು ತಂತು. ವೈದ್ಯರು ಇದನ್ನು ವಿರೋಧಿಸಿದರು: ಕಾಯಿಲೆಯವರನ್ನು ಕಳ್ಳರ ಹಾಗೆ ಕೋರ್ಟಿಗೆ ಎಳೆದು ಊರೆಲ್ಲ ಡಂಗುರ ಹೊಡೆದ ಹಾಗಾಗುತ್ತೆ ಅಂತ. ಆ ಮಾತಿನಲ್ಲಿ ಸತ್ಯ ಇದೆ, ಜ್ಯೂರಿಯೇ ಸರಿಯಾದ ದಾರಿ ಅಂತ ನಾನೂ ಹೇಳಲ್ಲ. ಅಯೋವಾದಲ್ಲಿ 1872ರಲ್ಲಿ ಬಂದ, ರೋಗಿಗಳ ಪತ್ರಗಳನ್ನು ಕಾಪಾಡುವ ಕಾನೂನೇ ನನಗೆ ಹೆಚ್ಚು ಇಷ್ಟ. ಚೀಟಿಯ ಬೆಲೆ ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? 1897ರಲ್ಲಿ ಆಕೆ ತೀರಿಕೊಂಡಳು.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಇದೆ. ಒಳಗಿರುವವರಿಗೆ ಫೋನ್, ಇಮೇಲ್, ಭೇಟಿಯ ಹಕ್ಕನ್ನು ಅದರ 26ನೇ ಸೆಕ್ಷನ್ ಕೊಡುತ್ತೆ. 27ನೇ ಸೆಕ್ಷನ್ ಉಚಿತ ಕಾನೂನು ನೆರವು ಕೊಡುತ್ತೆ. ಆ ನೆರವು ಇದೆ ಅಂತ ರೋಗಿಗೆ ತಿಳಿಸುವುದು ಮ್ಯಾಜಿಸ್ಟ್ರೇಟ್, ಪೊಲೀಸ್ ಅಧಿಕಾರಿ, ಆಸ್ಪತ್ರೆಯ ಉಸ್ತುವಾರಿ ವೈದ್ಯರ ಕರ್ತವ್ಯ. 89ನೇ ಸೆಕ್ಷನ್ ಅಡಿ ಹೆಣ್ಣೊಬ್ಬಳನ್ನು ಸೇರಿಸಿಕೊಂಡರೆ ಮೂರು ದಿನದೊಳಗೆ ಪುನರ್ವಿಮರ್ಶಾ ಮಂಡಳಿಗೆ ವರದಿ ಹೋಗಬೇಕು. ನಿಮ್ಮ ಮನೆಯವರನ್ನೋ ಗೆಳೆಯರನ್ನೋ ಹೀಗೆ ಸೇರಿಸಿದರೆ ಇಷ್ಟು ಕೇಳಿ: ವರದಿ ಹೋಗಿದೆಯಾ? ವಕೀಲರು ಸಿಗ್ತಾರೆ ಅಂತ ಅವರಿಗೆ ಯಾರಾದರೂ ಹೇಳಿದ್ದಾರಾ?